ಚೆಂಡು ಆಟದಲ್ಲಿರುವಾಗ ಕಹಳೆ ಮೊಳಗಬೇಕೆ?



ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಬರೆಯುವ ಮಿಂಚಂಚೆಗಳಲ್ಲಿ, ಆಗಸ್ಟಿನಿಂದ ನವೆಂಬರಿನವರೆಗೆ ಒಂದು ವಿಷಯ ತಪ್ಪದೆ ಬರುತ್ತದೆ. ಅದು ಅವರ ಮಕ್ಕಳ ಶಾಲೆಯ ಮಾರ್ಚಿಂಗ್ ಬ್ಯಾಂಡ್. ಒಬ್ಬಳ ಮಗಳು ಕ್ಲಾರಿನೆಟ್ ನುಡಿಸುತ್ತಾಳೆ, ಇನ್ನೊಬ್ಬನ ಮಗ ಡ್ರಮ್ ಹೊತ್ತು ನಡೆಯುತ್ತಾನೆ. ಈಚೆಗೆ ಬಂದ ಪತ್ರವೊಂದರಲ್ಲಿ ಒಂದು ವಿವಾದದ ಪ್ರಸ್ತಾಪವಿತ್ತು. ಪ್ರೌಢಶಾಲೆಯ ಫುಟ್‌ಬಾಲ್ ಪಂದ್ಯದಲ್ಲಿ ಆಟಗಾರರು ಸೆಣಸುತ್ತಿರುವ ಗಳಿಗೆಯಲ್ಲೇ ಗ್ಯಾಲರಿಯಲ್ಲಿ ಕುಳಿತ ಬ್ಯಾಂಡ್ ನುಡಿಸಬಹುದೆ, ಕೂಡದೆ? ತಂದೆತಾಯಿಗಳಲ್ಲಿ ಎರಡು ಪಂಗಡಗಳಾಗಿವೆಯಂತೆ. "ಮೇಷ್ಟ್ರೇ, ನಿಮ್ಮ ಅಭಿಪ್ರಾಯವೇನು?" ಎಂದು ಕೇಳಿದ್ದಾರೆ. ನಾನು ಸಂಗೀತಗಾರನೂ ಅಲ್ಲ, ಆಟಗಾರನೂ ಅಲ್ಲ. ಆದರೆ ಪ್ರಶ್ನೆ ಶಾಲೆಗೆ ಸಂಬಂಧಿಸಿದ್ದು. ಆದ್ದರಿಂದ ನಾಲ್ಕು ಮಾತು ಬರೆಯಲು ಮನಸ್ಸಾಯಿತು.

ಊರಿನಲ್ಲಿರುವ ಬಂಧುಗಳಿಗಾಗಿ ಮೊದಲು ಒಂದಿಷ್ಟು ವಿವರಣೆ. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಕಾಲಿನಲ್ಲಿ ಒದ್ದು ಆಡುವ ಆಟವಲ್ಲ. ಎರಡು ಕಡೆಗೂ ಹನ್ನೊಂದು ಮಂದಿ. 100 ಗಜದ ಬಯಲು. ಚೆಂಡನ್ನು ಹಿಡಿದು ಓಡಿಯೋ ಎಸೆದೋ ಮುಂದೊಯ್ಯಬೇಕು. ನಾಲ್ಕು ಪ್ರಯತ್ನಗಳಲ್ಲಿ 10 ಗಜ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಆಟ ನಮ್ಮ ಕಬಡ್ಡಿಯಂತೆ ತುಂಡುತುಂಡಾಗಿ ನಡೆಯುತ್ತದೆ. ಒಂದೊಂದು ಸಲವೂ ಚೆಂಡು ಆಟದಲ್ಲಿರುವುದು ಕೆಲವೇ ಸೆಕೆಂಡುಗಳ ಕಾಲ. ಆಮೇಲೆ ಸೀಟಿ, ಮತ್ತೆ ಎಲ್ಲರೂ ಸಾಲುಗಟ್ಟುವುದು. ಪ್ರೌಢಶಾಲೆಗಳಲ್ಲಿ ಹನ್ನೆರಡು ಹನ್ನೆರಡು ನಿಮಿಷದ ನಾಲ್ಕು ಭಾಗಗಳು. ನಡುವೆ ಬರುವ ಅರ್ಧವಿರಾಮವು ಬ್ಯಾಂಡಿನದು. ಆಗ ಅದು ಬಯಲಿಗೆ ಇಳಿದು, ನುಡಿಸುತ್ತಲೇ ನಡೆದು, ಬಗೆಬಗೆಯ ಆಕೃತಿಗಳನ್ನು ರಚಿಸುತ್ತದೆ.

ಈ ಪಂದ್ಯಗಳು ಸಾಮಾನ್ಯವಾಗಿ ಶುಕ್ರವಾರ ರಾತ್ರಿ ನಡೆಯುತ್ತವೆ. ಆ ರಾತ್ರಿಗೆ ಕಾನೂನಿನ ರಕ್ಷಣೆಯೂ ಉಂಟು. 1961ರ ಕ್ರೀಡಾ ಪ್ರಸಾರ ಕಾಯ್ದೆಯು, ಸೆಪ್ಟೆಂಬರಿನಿಂದ ಡಿಸೆಂಬರಿನ ನಡುಭಾಗದವರೆಗೆ ಶುಕ್ರವಾರ ರಾತ್ರಿಗಳಲ್ಲಿ ವೃತ್ತಿಪರ ಲೀಗಿನ ಪಂದ್ಯಗಳು ದೂರದರ್ಶನದಲ್ಲಿ ಬಂದು ಶಾಲೆಗಳ ಬಯಲನ್ನು ಬರಿದು ಮಾಡದಂತೆ ತಡೆಯೊಡ್ಡಿತು. ನಮ್ಮಲ್ಲಿ ಊರ ಜಾತ್ರೆಗೆ ಇರುವ ಸ್ಥಾನ ಅಲ್ಲಿ ಶುಕ್ರವಾರದ ಪಂದ್ಯಕ್ಕಿದೆ. ಟೆಕ್ಸಾಸಿನ ಆಲೆನ್ ಎಂಬ ಊರಿನ ಪ್ರೌಢಶಾಲೆಗೆ 2012ರಲ್ಲಿ 18,000 ಜನ ಕೂರುವ ಕ್ರೀಡಾಂಗಣ ಕಟ್ಟಿದರು. ಖರ್ಚು ಸುಮಾರು ಆರು ಕೋಟಿ ಡಾಲರ್. ಅದೇ ಶಾಲೆಯ ಬ್ಯಾಂಡಿನ ಸಂಖ್ಯೆ 600ನ್ನು ದಾಟಿದ್ದುಂಟು. ಆರು ನೂರು ಮಕ್ಕಳು ಒಮ್ಮೆಲೇ ಕಹಳೆ ಊದಿ ಡ್ರಮ್ ಬಾರಿಸಿದರೆ ಏನಾದೀತು ಎಂಬುದನ್ನು ಊಹಿಸಿಕೊಳ್ಳಿ.

ಆಟಕ್ಕೂ ಬ್ಯಾಂಡಿಗೂ ಇರುವ ನಂಟು ಬಹಳ ಹಳೆಯದು. ಮೊದಲಿಗೆ ಸೈನ್ಯದ ಮಾದರಿಯಲ್ಲಿ ಸಾಲುಸಾಲಾಗಿ ನಡೆಯುತ್ತಿದ್ದ ಕಾಲೇಜು ಬ್ಯಾಂಡುಗಳಲ್ಲಿ, ಪರ್ಡ್ಯೂ ವಿಶ್ವವಿದ್ಯಾಲಯದ್ದು 1907ರಲ್ಲಿ ಸಾಲು ಮುರಿದು ಬಯಲಿನ ಮೇಲೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಬಿಡಿಸಿತು. 1936ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಂಡ್ ಇಡೀ ರಾಜ್ಯದ ಹೆಸರನ್ನೇ ಕೂಡಕ್ಷರದಲ್ಲಿ ಬರೆದು ತೋರಿಸಿತು. ಪ್ರೌಢಶಾಲೆಗಳು ಇದನ್ನೆಲ್ಲ ನೋಡಿ ಕಲಿತು, ಈಗ ತಮ್ಮದೇ ಸ್ಪರ್ಧೆಗಳನ್ನು ನಡೆಸುತ್ತಿವೆ. ಬೇಸಿಗೆಯ ಸುಡುಬಿಸಿಲಿನಲ್ಲಿ, ಶಾಲೆ ತೆರೆಯುವ ಮೊದಲೇ, ಈ ಮಕ್ಕಳ ಅಭ್ಯಾಸ ಶುರುವಾಗುತ್ತದೆ. ಆದುದರಿಂದ ಬ್ಯಾಂಡನ್ನು ಪಂದ್ಯದ ಅಲಂಕಾರವೆಂದು ಭಾವಿಸುವವರ ಪಕ್ಷದಲ್ಲಿ ನಾನಿಲ್ಲ.

ಈಗ ವಿವಾದಕ್ಕೆ ಬರೋಣ. ನುಡಿಸಲಿ ಎನ್ನುವವರ ವಾದದಲ್ಲಿ ಹುರುಳಿಲ್ಲದಿಲ್ಲ. ಗ್ಯಾಲರಿಯಲ್ಲಿ ಸಾವಿರಾರು ಜನ ಗಂಟಲು ಹರಿಯುವಂತೆ ಕೂಗುತ್ತಾರೆ. ಅವರ ಬಾಯಿಗೆ ಬೀಗ ಹಾಕುವವರಿಲ್ಲ. ಹಾಗಿರುವಾಗ ಬ್ಯಾಂಡಿನ ಮಕ್ಕಳು ಮಾತ್ರ ಮೌನವಾಗಿರಬೇಕೆ? ಅವರೂ ಅದೇ ಶಾಲೆಯವರಲ್ಲವೆ? ತಮ್ಮ ಸಹಪಾಠಿಗಳನ್ನು ಹುರಿದುಂಬಿಸುವ ಹಕ್ಕು ಅವರಿಗಿಲ್ಲವೆ?

ಇದಕ್ಕೆ ಉತ್ತರ ಹೇಳಬೇಕಾದರೆ ಆಟದ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಚೆಂಡು ಹಿಡಿದ ತಂಡದ ನಾಯಕ, ಅಂದರೆ ಕ್ವಾರ್ಟರ್‌ಬ್ಯಾಕ್, ತನ್ನವರಿಗೆ ಕೂಗಿ ಸಂಕೇತ ಕೊಡುತ್ತಾನೆ. ಯಾವ ಕೂಗಿಗೆ ಚೆಂಡು ಹೊರಡಬೇಕು ಎಂಬುದು ಅವರೊಳಗಿನ ಒಪ್ಪಂದ. ಅದು ಕೇಳಿಸದೆ ಒಬ್ಬ ಹುಡುಗ ಮೊದಲೇ ಕದಲಿದರೆ ಐದು ಗಜ ದಂಡ. ವೃತ್ತಿಪರ ಲೀಗಿನಲ್ಲಿ 1994ರಿಂದ ಕ್ವಾರ್ಟರ್‌ಬ್ಯಾಕಿನ ಹೆಲ್ಮೆಟ್ಟಿನೊಳಗೆ ರೇಡಿಯೋ ಬಂದಿತು. ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳಿಗೆ 2024ರಲ್ಲಿ ಅದು ದಕ್ಕಿತು. ಆದರೆ ಪ್ರೌಢಶಾಲೆಯ ಹುಡುಗರಿಗೆ ಸಾಮಾನ್ಯವಾಗಿ ಕೂಗು ಮತ್ತು ಕೈಸನ್ನೆಗಳೇ ಗತಿ. ಹಾಗಾಗಿ ಸದ್ದು ಎಂಬುದು ಈ ಆಟದಲ್ಲಿ ಬರಿಯ ಸಡಗರವಾಗಿ ಉಳಿಯುವುದಿಲ್ಲ. ಬೇಕೆಂದರೆ ಅದನ್ನು ಆಯುಧವನ್ನಾಗಿಯೂ ಬಳಸಬಹುದು. ನಮ್ಮ ತಂಡದ ಕೈಯಲ್ಲಿ ಚೆಂಡಿದ್ದಾಗ ಸುಮ್ಮನಿದ್ದು, ಎದುರಾಳಿ ಸಾಲುಗಟ್ಟಿದಾಗ ಡ್ರಮ್ ಬಾರಿಸಿದರೆ ಅದನ್ನು ಹುರಿದುಂಬಿಸುವುದು ಎನ್ನಲಾದೀತೆ? ಅದು ಎದುರು ಶಾಲೆಯ ಮಗುವಿನ ಕಿವಿ ಮುಚ್ಚುವ ಉಪಾಯ.

ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮಾವಳಿ ಈ ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ತಂಡವೊಂದಕ್ಕೆ ತನ್ನ ಸಂಕೇತಗಳು ಕೇಳಿಸದಂತೆ ಮಾಡುವ ಸದ್ದನ್ನು ನಿಯಮಕ್ಕೆ ಒಳಪಟ್ಟ ಯಾರೂ ಮಾಡಕೂಡದು. ಬ್ಯಾಂಡುಗಳೂ ಧ್ವನಿವರ್ಧಕ ನಡೆಸುವವರೂ ಈ ಮಾತಿಗೆ ಸೇರಿದವರೇ. ಟೆಕ್ಸಾಸ್ ರಾಜ್ಯದ ಸರಕಾರಿ ಪ್ರೌಢಶಾಲೆಗಳು ಆಡುವುದೂ ಬಹುಮಟ್ಟಿಗೆ ಇದೇ ನಿಯಮಾವಳಿಯಂತೆ. ಪ್ರೇಕ್ಷಕರ ಕೂಗಿಗಿಲ್ಲದ ಕಟ್ಟು ಬ್ಯಾಂಡಿಗೆ ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಪ್ರೇಕ್ಷಕರು ಚದುರಿದ ಜನ, ಅವರಿಗೆ ಒಡೆಯನಿಲ್ಲ. ಬ್ಯಾಂಡ್ ಒಂದು ತರಗತಿ. ಅದಕ್ಕೆ ಸಮವಸ್ತ್ರವಿದೆ, ಶಾಲೆಯ ಹೆಸರಿದೆ, ಮುಂದೆ ಕೈಯೆತ್ತಿ ನಿಂತ ಒಬ್ಬ ಉಪಾಧ್ಯಾಯರಿದ್ದಾರೆ. ಅವರು ಕೈ ಇಳಿಸಿದರೆ ಇನ್ನೂರು ವಾದ್ಯಗಳು ಒಂದೇ ಕ್ಷಣದಲ್ಲಿ ನಿಲ್ಲುತ್ತವೆ. ನಿಲ್ಲಿಸುವ ಶಕ್ತಿ ಉಳ್ಳವರಿಗೆ ನಿಲ್ಲಿಸುವ ಹೊಣೆಯೂ ಉಂಟು. ಬ್ಯಾಂಡ್ ಮಾಡುವ ಪ್ರತಿಯೊಂದು ಸದ್ದನ್ನೂ ಶಾಲೆಯೇ ಮಾಡಿದಂತೆ.

ಆಟ ಮುಗಿಯುವ ಮೊದಲೇ ಬ್ಯಾಂಡ್ ಮುಂದಾದರೆ ಏನಾಗುತ್ತದೆ ಎಂಬುದಕ್ಕೆ ಆ ದೇಶದಲ್ಲಿ ಮನೆಮಾತಾದ ಒಂದು ಪ್ರಸಂಗವಿದೆ. 1982ರ ನವೆಂಬರ್ 20ರಂದು ಬರ್ಕ್ಲಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ಸ್ಟ್ಯಾನ್‌ಫೋರ್ಡಿಗೂ ಪಂದ್ಯ. ಉಳಿದದ್ದು ನಾಲ್ಕು ಸೆಕೆಂಡು. ಸ್ಟ್ಯಾನ್‌ಫೋರ್ಡ್ 20–19ರಿಂದ ಮುಂದಿತ್ತು. ಎದುರಾಳಿಗಳು ಚೆಂಡನ್ನು ಒಬ್ಬರಿಂದೊಬ್ಬರಿಗೆ ಐದು ಸಲ ದಾಟಿಸುತ್ತ ಓಡುತ್ತಿರುವಾಗಲೇ, ಗೆದ್ದೆವೆಂದು ಭಾವಿಸಿ ಸ್ಟ್ಯಾನ್‌ಫೋರ್ಡಿನ ಬ್ಯಾಂಡ್ ಬಯಲಿಗೆ ನುಗ್ಗಿತು. ಚೆಂಡು ಹಿಡಿದ ಆಟಗಾರ ವಾದ್ಯಗಾರರ ನಡುವೆಯೇ ನುಸುಳಿ ಗುರಿ ಮುಟ್ಟಿ, ಅಲ್ಲಿದ್ದ ಟ್ರಾಂಬೋನ್ ವಾದಕನಿಗೆ ಡಿಕ್ಕಿ ಹೊಡೆದ. ಕೊನೆಗೆ ಕ್ಯಾಲಿಫೋರ್ನಿಯಾ 25–20ರಿಂದ ಗೆದ್ದಿತು. ಜನ ಇಂದಿಗೂ ಅದನ್ನು ನೆನೆದು ನಗುತ್ತಾರೆ. ಆದರೆ ಆಡುತ್ತಿದ್ದವರ ಬೆವರನ್ನು ಮರೆತ ಸಂಭ್ರಮವೆಂದೇ ನನಗೆ ಅದು ಕಾಣುತ್ತದೆ.

ನಮ್ಮ ಕಲೆಗಳಿಗೆ ಈ ವಿವೇಕ ಹೊಸದಲ್ಲ. ಯಕ್ಷಗಾನದಲ್ಲಿ ಭಾಗವತರ ಪದ್ಯಕ್ಕೆ ಚೆಂಡೆ ಮದ್ದಳೆಗಳು ಆರ್ಭಟಿಸುತ್ತವೆ. ವೇಷಧಾರಿ ಅರ್ಥ ಹೇಳತೊಡಗಿದಾಗ ತಾವಾಗಿ ಸುಮ್ಮನಾಗುತ್ತವೆ. ಹಾಗೆ ಸುಮ್ಮನಾದರೆ ಚೆಂಡೆಯವನಿಗೆ ಅವಮಾನವೆಂದು ಯಾರೂ ಬಗೆಯುವುದಿಲ್ಲ. ಮದುವೆಮನೆಯ ವಾಲಗದವರಂತೂ ಗಟ್ಟಿಮೇಳದ ಮುಹೂರ್ತಕ್ಕೆ ಕಾದು ಕುಳಿತಿರುತ್ತಾರೆ. ಯಾವಾಗ ನುಡಿಸಬೇಕು ಎಂಬುದನ್ನು ಬಲ್ಲವನು ಒಳ್ಳೆಯ ವಾದ್ಯಗಾರ. ಯಾವಾಗ ನುಡಿಸಬಾರದು ಎಂಬುದನ್ನೂ ಬಲ್ಲವನು ಅವನಿಗಿಂತ ಒಂದು ಕೈ ಮೇಲು.

ಹಾಗೆಂದು ಬ್ಯಾಂಡಿನ ಮಕ್ಕಳನ್ನು ಮೂಲೆಗೊತ್ತಬೇಕೆಂಬುದು ನನ್ನ ಅಭಿಪ್ರಾಯವಲ್ಲ. ನಾನು ಇನ್ನೂ ಹೆಚ್ಚು ಕೇಳುತ್ತೇನೆ. ಸೀಟಿ ಊದಿದಂದಿನಿಂದ ಮತ್ತೆ ಸಾಲುಗಟ್ಟುವವರೆಗೆ, ತಂಡಗಳು ಬಿಡುವು ಕೇಳಿದಾಗ, ಅಂಕ ಬಂದಾಗ, ಒಂದು ಭಾಗ ಮುಗಿದಾಗ, ಅವರು ಮನದಣಿಯೆ ನುಡಿಸಲಿ. ಇವತ್ತು ಅನೇಕ ಬಯಲುಗಳಲ್ಲಿ ಈ ಬಿಡುವುಗಳನ್ನು ಧ್ವನಿವರ್ಧಕದ ಮುದ್ರಿತ ಹಾಡುಗಳೂ ಜಾಹೀರಾತುಗಳೂ ನುಂಗಿಬಿಡುತ್ತವೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮಕ್ಕಳು ಮಡಿಲಲ್ಲಿ ವಾದ್ಯವಿಟ್ಟುಕೊಂಡು ಯಂತ್ರದ ಸಂಗೀತ ಕೇಳುತ್ತ ಕೂರಬೇಕಾದರೆ ಅದೆಂಥ ಶಾಲೆ? ಬ್ಯಾಂಡಿಗೆ ಕಟ್ಟು ವಿಧಿಸುವವರು ಮೊದಲು ಯಂತ್ರದ ಬಾಯಿ ಮುಚ್ಚಿಸಲಿ. ಅಂತೆಯೇ ಅರ್ಧವಿರಾಮವು ಪೂರ್ತಿಯಾಗಿ ಮಕ್ಕಳದ್ದಾಗಿರಲಿ. ಬಹುಮಾನ ವಿತರಣೆ, ಭಾಷಣಗಳಿಂದ ಅದನ್ನು ಕತ್ತರಿಸುವುದು ಬೇಡ.

ಅಧಿಕಾರದ ದರ್ಪಕ್ಕೂ ಒಂದು ಮಿತಿ ಬೇಕು. 2023ರ ಸೆಪ್ಟೆಂಬರಿನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, ಪಂದ್ಯ ಮುಗಿದ ಮೇಲೆ ನುಡಿಸುತ್ತಿದ್ದ ಪ್ರೌಢಶಾಲೆಯ ಬ್ಯಾಂಡನ್ನು ಕೂಡಲೇ ನಿಲ್ಲಿಸಲಿಲ್ಲವೆಂದು, ಅದರ ಉಪಾಧ್ಯಾಯರ ಮೇಲೆ ಪೊಲೀಸರು ವಿದ್ಯಾರ್ಥಿಗಳ ಕಣ್ಣೆದುರಿಗೇ ವಿದ್ಯುದಾಘಾತದ ಆಯುಧ ಪ್ರಯೋಗಿಸಿದರು. ಓದಿದಾಗ ನನ್ನ ಕರುಳು ಕಿವುಚಿದಂತಾಯಿತು. ಶಿಷ್ಯರ ಮುಂದೆ ಗುರುವನ್ನು ನೆಲಕ್ಕೆ ಕೆಡಹುವ ದೃಶ್ಯವನ್ನು ಆ ಮಕ್ಕಳು ಎಂದು ಮರೆತಾರು? ಸಂಗೀತಕ್ಕೆ ಮಿತಿ ಹಾಕುವುದಾದರೆ ಅದು ಉಪಾಧ್ಯಾಯರೂ ತರಬೇತುದಾರರೂ ಋತುವಿನ ಆರಂಭದಲ್ಲೇ ಕುಳಿತು ಮಾತಾಡಿ ಒಪ್ಪಿದ ಮಿತಿಯಾಗಿರಬೇಕು. ಎರಡು ಶಾಲೆಗಳ ಬ್ಯಾಂಡುಗಳೂ ಬಂದಿದ್ದರೆ ಸರದಿಯನ್ನೂ ಮೊದಲೇ ನಿಶ್ಚಯಿಸಿಕೊಳ್ಳಬಹುದು. ಅನೇಕ ಕಡೆ ಮೂರನೆಯ ಭಾಗದಲ್ಲಿ ಬ್ಯಾಂಡಿನ ಮಕ್ಕಳಿಗೆ ತಿಂಡಿಗೆ ಬಿಡುವು ಕೊಡುವ ರೂಢಿ ಇದೆಯಲ್ಲ, ಅದೂ ಹೀಗೆ ಒಪ್ಪಂದದಿಂದಲೇ ಬೆಳೆದು ಬಂದದ್ದು.

ಇನ್ನೊಂದು ಮಾತು, ತಾಯಂದಿರ ಗಮನಕ್ಕೆ. ಕಾರ್ಮಿಕರ ಆರೋಗ್ಯವನ್ನು ನೋಡುವ ಅಮೆರಿಕದ ನಿಯೋಶ್ ಸಂಸ್ಥೆ, 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದೆನ್ನುತ್ತದೆ. ಸದ್ದು ಮೂರು ಡೆಸಿಬೆಲ್ ಏರಿದಂತೆಲ್ಲ ಕಾಲಾವಧಿ ಅರ್ಧಕ್ಕಿಳಿಯುತ್ತದೆ. ಈ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಕೇವಲ 15 ನಿಮಿಷ. ಡ್ರಮ್ಮಿನ ಸಾಲಿನಲ್ಲಿ ನಿಂತ ಮಗುವಿಗೆ ಈ ಮಟ್ಟದ ಸದ್ದು ಅಪರೂಪವಲ್ಲ. ಪಂದ್ಯದುದ್ದಕ್ಕೂ ನಡುನಡುವೆ ಮೌನವಿದ್ದರೆ ಮೊದಲು ಉಳಿಯುವುದು ನಮ್ಮ ಮಕ್ಕಳ ಕಿವಿಯೇ. ಕಿವಿಗೆ ಬೆಣೆ ಇಟ್ಟುಕೊಳ್ಳಲು ಹೇಳಿ, ನಾಚಿಕೆಪಡುವಂಥದ್ದೇನೂ ಅಲ್ಲ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇಷ್ಟೆ: ಆಟಗಾರರು ಸಾಲುಗಟ್ಟಿ ಬಾಗಿದ ಕ್ಷಣದಿಂದ ಸೀಟಿಯವರೆಗೆ ಬ್ಯಾಂಡ್ ಮೌನವಾಗಿರಲಿ, ಧ್ವನಿವರ್ಧಕವೂ ಮೌನವಾಗಿರಲಿ, ಉಳಿದ ಹೊತ್ತೆಲ್ಲ ಬಯಲು ಮಕ್ಕಳ ಸಂಗೀತದ್ದಾಗಲಿ. ಎದುರು ಸಾಲಿನಲ್ಲಿ ಹೆಲ್ಮೆಟ್ ತೊಟ್ಟು ಕಿವಿಗೊಟ್ಟು ನಿಂತವನೂ ಯಾವುದೋ ತಾಯಿಯ ಮಗ, ಯಾವುದೋ ಮೇಷ್ಟ್ರ ಶಿಷ್ಯ. ಅವನಿಗೆ ತನ್ನವರ ಕೂಗು ಕೇಳಿಸಲಿ. ಆಮೇಲೆ ನಮ್ಮ ಹುಡುಗರು ಅವನನ್ನು ಸೋಲಿಸಲಿ. ಆ ಗೆಲುವಿಗೆ ಮೊಳಗುವ ಕಹಳೆಗೆ ಒಂದು ಘನತೆ ಇರುತ್ತದೆ.

ಅಲ್ಲಿರುವ ನೀವು ಕಣ್ಣಾರೆ ಕಂಡವರು. ನನ್ನ ಮಾತಿಗೆ ನಿಮ್ಮ ಒಪ್ಪಿಗೆ ಇದೆಯೋ ಇಲ್ಲವೋ ಬರೆದು ತಿಳಿಸಿ. ಬ್ಯಾಂಡಿನಲ್ಲಿರುವ ಮಕ್ಕಳನ್ನೂ ಕೇಳಿ ಬರೆಯಿರಿ. ಈ ಚರ್ಚೆಯಲ್ಲಿ ಅವರ ಮಾತೇ ಹೆಚ್ಚು ಕೇಳಿಸಬೇಕಾದದ್ದು. ಎಲ್ಲರಿಗೂ ಶುಭವಾಗಲಿ.