ಕೆಲಸ ಬಿಟ್ಟರೂ ಮುಖ ಮಾತ್ರ ಕಂಪನಿಯಲ್ಲೇ

ಡಿಜಿಟಲ್ ಮಾರ್ಕೆಟಿಂಗ್ ಕಲಿಸುವ ಆನ್‌ಲೈನ್ ಕಂಪನಿಗಳಿಂದ ಹೊರಬರುವವರು ಲಿಂಕ್ಡ್‌ಇನ್‌ನಲ್ಲಿ ಹಾಕುವ ಪೋಸ್ಟ್‌ಗಳಿಗೆ ಒಂದು ನಮೂನೆಯೇ ಇದೆ. ಮೊದಲು ಕೃತಜ್ಞತೆ, ಆಮೇಲೆ ‘ಅದ್ಭುತ ತಂಡ’, ಅದಾದ ಮೇಲೆ ‘ಹೊಸ ಪಯಣ’, ಕೊನೆಗೆ ಇನ್ಮುಂದೆ ಸ್ವತಂತ್ರವಾಗಿ ಕೆಲಸ ಮಾಡ್ತೀನಿ ಅನ್ನೋ ಘೋಷಣೆ. ಕೆಳಗೊಂದು ರಾಕೆಟ್ ಇಮೋಜಿ. ನೂರಾರು ಜನ ಶುಭಾಶಯ ಹೇಳ್ತಾರೆ. ಇಂಥ ಪೋಸ್ಟ್ ಬರೆದ ಕೆಲವರ ಜೊತೆ ನಾನು ಮಾತಾಡಿದ್ದೇನೆ. ಹೆಚ್ಚಿನವರು ನನ್ನ ಹಾಗೆಯೇ ಇಂಜಿನಿಯರಿಂಗ್ ಓದಿ, ಕೋಡಿಂಗ್ ಬಿಟ್ಟು ಬೇರೆ ದಾರಿ ಹಿಡಿದವರು. ಪೋಸ್ಟ್‌ನಲ್ಲಿ ಬರೆಯದ ಎರಡು ಸಂಗತಿಗಳು ಅವರ ಮಾತಲ್ಲಿ ಮತ್ತೆ ಮತ್ತೆ ಬರುತ್ತವೆ. ಒಂದು, ಕಂಪನಿ ಕಳಿಸಬಹುದಾದ ಲೀಗಲ್ ನೋಟಿಸಿನ ಭಯ. ಇನ್ನೊಂದು, ತಾವು ಬಿಟ್ಟು ಎಷ್ಟೋ ತಿಂಗಳಾದರೂ ತಮ್ಮದೇ ಪಾಠದ ವಿಡಿಯೋಗಳು ಅಲ್ಲಿ ಮಾರಾಟ ಆಗ್ತಾನೇ ಇರೋದು.

ಇದನ್ನೆಲ್ಲ ನಾವು ಉದ್ಯಮಶೀಲತೆಯ ಕಥೆಯಾಗಿ ಓದ್ತೇವೆ. ಧೈರ್ಯ ಮಾಡಿದ, ಸಂಬಳ ಬಿಟ್ಟ, ತನ್ನದೇ ಬ್ರ್ಯಾಂಡ್ ಕಟ್ಟಿದ. ನನ್ನ ಪ್ರಕಾರ ಇದು ಶುದ್ಧಾಂಗ ಕಾರ್ಮಿಕ ಪ್ರಶ್ನೆ. ಕಲಿಸುವವರ ಮುಖ, ದನಿ, ಸ್ಲೈಡ್‌ಗಳು ಯಾರ ಸ್ವತ್ತು ಅನ್ನೋದನ್ನ ಇತ್ಯರ್ಥ ಮಾಡದೆ ‘ಸ್ವತಂತ್ರ’ ಅನ್ನೋ ಪದ ಬಳಸೋದರಲ್ಲಿ ಅರ್ಥವಿಲ್ಲ.

ಮೊದಲು ಭಯದ ವಿಷಯ ನೋಡೋಣ. ಈ ಕಂಪನಿಗಳ ಒಪ್ಪಂದಗಳಲ್ಲಿ ಮಾಮೂಲಾಗಿ ಇರುವ ಕಲಮು: ಬಿಟ್ಟ ಮೇಲೆ ಒಂದೆರಡು ವರ್ಷ ಇದೇ ಕ್ಷೇತ್ರದಲ್ಲಿ ಕಲಿಸಬಾರದು, ಪೈಪೋಟಿಯ ವ್ಯವಹಾರ ಶುರು ಮಾಡಬಾರದು. ಓದಿದರೆ ಎದೆ ಝಲ್ ಅನ್ನುತ್ತೆ. ಆದರೆ ಭಾರತೀಯ ಕರಾರು ಕಾಯಿದೆ, 1872ರ ಸೆಕ್ಷನ್ 27 ಪ್ರಕಾರ ಯಾರನ್ನೇ ಆಗಲಿ ಕಾನೂನುಬದ್ಧ ವೃತ್ತಿ, ವ್ಯಾಪಾರ ಮಾಡದಂತೆ ತಡೆಯುವ ಕರಾರು ಅಷ್ಟರಮಟ್ಟಿಗೆ ಅಸಿಂಧು. ವ್ಯವಹಾರವನ್ನೇ ಹೆಸರಿನ ಸಮೇತ ಮಾರಿದಾಗ ಮಾತ್ರ ಒಂದು ವಿನಾಯಿತಿ. ಈ ಸೆಕ್ಷನ್ನಿನ ಮೂಲ ಡೇವಿಡ್ ಡಡ್ಲಿ ಫೀಲ್ಡ್ ಎಂಬ ಅಮೆರಿಕದ ವಕೀಲ ನ್ಯೂಯಾರ್ಕ್‌ಗೆಂದು ಬರೆದ ಕರಡು. ನ್ಯೂಯಾರ್ಕ್ ಅದನ್ನು ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾ 1872ರಲ್ಲೇ ಒಪ್ಪಿತು. ಸಿಲಿಕಾನ್ ವ್ಯಾಲಿಯಲ್ಲಿ ಜನ ಒಂದು ಕಂಪನಿ ಬಿಟ್ಟು ಮರುದಿನವೇ ಎದುರು ಕಂಪನಿ ಕಟ್ಟೋಕೆ ಆಗಿದ್ದಕ್ಕೆ ಈ ಕಾನೂನೂ ಒಂದು ಕಾರಣ ಅಂತ ವಿದ್ವಾಂಸರು ವಾದಿಸ್ತಾರೆ. ಅದೇ ಬೇರಿನ ಕಾನೂನು ನಮ್ಮಲ್ಲೂ ಇದೆ. ಕೋರಮಂಗಲದಲ್ಲಿ ಕೂತು ಸಿಲಿಕಾನ್ ವ್ಯಾಲಿಯನ್ನ ದಿನಕ್ಕೆ ಹತ್ತು ಸಲ ನೆನೆಯುವ ಸ್ಥಾಪಕರಿಗೆ ಈ ಒಂದು ವಿಷಯ ಮಾತ್ರ ನೆನಪಾಗಲ್ಲ.

ಕೆಲಸದಲ್ಲಿ ಇರುವಷ್ಟು ಕಾಲ ಬೇರೆ ಕಡೆ ಕೆಲಸ ಮಾಡಬೇಡ ಅನ್ನೋ ಷರತ್ತು ನಡೆಯುತ್ತೆ ಅಂತ ಸುಪ್ರೀಂ ಕೋರ್ಟ್ 1967ರ ಗೋಲಿಕರಿ ಪ್ರಕರಣದಲ್ಲಿ ಹೇಳಿದೆ. ಬಿಟ್ಟ ನಂತರದ ನಿರ್ಬಂಧ ನಡೆಯಲ್ಲ ಅನ್ನೋದು 1980ರ ಮುರ್ಗಾಯಿ ಪ್ರಕರಣದಿಂದ ಗಟ್ಟಿಯಾಯಿತು. ಹಾಗಂತ ಎಲ್ಲ ಬಾಂಡೂ ಬೋಗಸ್ ಅಲ್ಲ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ಪೂರೈಸದೆ ಬೇರೆ ಬ್ಯಾಂಕಿಗೆ ಹೋದಾಗ 2 ಲಕ್ಷ ರೂಪಾಯಿ ಕಟ್ಟಬೇಕಾಯಿತು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಅಲ್ಲಿನ ವಾದದ ತಿರುಳು ಏನಂದ್ರೆ, ಈ ಷರತ್ತು ಸೇವಾವಧಿಗೆ ಸಂಬಂಧಿಸಿದ್ದು, ಮುಂದೆ ಬೇರೆಲ್ಲೂ ಕೆಲಸ ಮಾಡಬೇಡ ಅಂತ ಅಲ್ಲ. ಜೊತೆಗೆ ಸಾರ್ವಜನಿಕ ವಲಯದ ಬ್ಯಾಂಕಿಗೆ ನೇಮಕಾತಿ ಪ್ರಕ್ರಿಯೆಯ ಖರ್ಚು ದೊಡ್ಡದು. ಒಂದು ವಾರ ಜೂಮ್‌ನಲ್ಲಿ ‘ಟ್ರೈನಿಂಗ್’ ಕೊಟ್ಟು ಐದು ಲಕ್ಷದ ಬಾಂಡ್ ಬರೆಸಿಕೊಳ್ಳುವ ಕಂಪನಿ ಈ ತೀರ್ಪು ತೋರಿಸಿ ಹೆದರಿಸಬಹುದು. ಆದರೆ ಸೆಕ್ಷನ್ 74ರ ಪ್ರಕಾರ ಒಪ್ಪಂದದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೇ. ಕೋರ್ಟ್ ಕೊಡಿಸುವುದು ಅದರೊಳಗಿನ ನ್ಯಾಯಯುತ ಪರಿಹಾರವನ್ನು.

ಇಷ್ಟೆಲ್ಲ ಗೊತ್ತಿದ್ದರೂ ಜನ ಹೆದರ್ತಾರೆ, ಯಾಕಂದ್ರೆ ನೋಟಿಸು ಕೋರ್ಟಿಗೆ ಹೋಗೋಕೆ ಅಂತ ಬರೆದದ್ದೇ ಅಲ್ಲ. ಮಧ್ಯ ಕರ್ನಾಟಕದ ಕಡೆಯಿಂದ ಬಂದ ಗೆಳತಿಯೊಬ್ಬಳು ಎಸ್‌ಇಒ ಕಲಿಸುತ್ತಿದ್ದ ಕಂಪನಿ ಬಿಟ್ಟಾಗ ಅವಳಿಗೆ ಬಂದ ಪತ್ರ ನಾಲ್ಕು ಪುಟ ಇತ್ತು. ಅದಕ್ಕೆ ಉತ್ತರ ಬರೆಸೋಕೆ ವಕೀಲರು ಕೇಳಿದ ಫೀಸು ಅವಳ ಆ ತಿಂಗಳ ಮನೆ ಬಾಡಿಗೆಗಿಂತ ಜಾಸ್ತಿ. ಅವಳು ಉತ್ತರ ಬರೆಸಲಿಲ್ಲ, ಆರು ತಿಂಗಳು ಕಲಿಸೋದನ್ನೇ ನಿಲ್ಲಿಸಿದಳು. ಅಸಿಂಧುವಾದ ಕಲಮು ಹೀಗೆ ಕೋರ್ಟಿನ ಮೆಟ್ಟಿಲು ಹತ್ತದೇ ತನ್ನ ಕೆಲಸ ಮಾಡಿ ಮುಗಿಸಿತು.

ಈಗ ಎರಡನೆಯ ವಿಷಯ. ನನಗೆ ಇದೇ ಮುಖ್ಯ ಅನಿಸೋದು. ಆ ಆರು ತಿಂಗಳೂ ಅವಳ ವಿಡಿಯೋಗಳು ಕೆಲಸ ಮಾಡ್ತಾನೇ ಇದ್ದವು. ಅದೇ ನಗು, ಅದೇ ಉದಾಹರಣೆಗಳು, ‘ನಮ್ಮ ತಜ್ಞರು’ ಎಂಬ ಪಟ್ಟಿಯಲ್ಲಿ ಅದೇ ಫೋಟೋ. ಕಾರ್ಖಾನೆಯ ಕೆಲಸಗಾರ ಗೇಟು ದಾಟಿದರೆ ಅವನ ಕೈಗಳೂ ಅವನ ಜೊತೆ ಹೊರಗೆ ಬರುತ್ತವೆ. ಇಲ್ಲಿ ಹಾಗಿಲ್ಲ.

ಕಂಪನಿಗಳು ಇಲ್ಲೊಂದು ಚಾಲಾಕಿತನ ಮಾಡ್ತವೆ. ಪಿಎಫ್, ಗ್ರಾಚುಯಿಟಿ ತಪ್ಪಿಸೋಕೆ ತರಬೇತುದಾರರನ್ನು ‘ಉದ್ಯೋಗಿ’ ಅನ್ನದೆ ‘ಕನ್ಸಲ್ಟಂಟ್’ ಅಂತಾರೆ. ಸಂಬಳದ ಬದಲು ವೃತ್ತಿಪರ ಶುಲ್ಕ, ಅದರ ಮೇಲೆ ಶೇ 10 ಟಿಡಿಎಸ್. ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯ ಸೆಕ್ಷನ್ 17 ಪ್ರಕಾರ ಕೃತಿಯ ಹಕ್ಕು ತಾನಾಗಿಯೇ ಮಾಲೀಕನಿಗೆ ಹೋಗೋದು ಅದನ್ನು ನೌಕರಿಯ ಭಾಗವಾಗಿ ಮಾಡಿದ್ದರೆ. ಕನ್ಸಲ್ಟಂಟ್ ತಯಾರಿಸಿದ ಸ್ಲೈಡು, ನೋಟ್ಸು, ಪಠ್ಯಕ್ರಮದ ಹಕ್ಕು ಸಾಮಾನ್ಯವಾಗಿ ಅವರದ್ದೇ. ಬರಹದಲ್ಲಿ ಸಹಿ ಮಾಡಿ ವರ್ಗಾಯಿಸಿದ್ದರೆ ಮಾತ್ರ ಕಂಪನಿಯದ್ದು. ಹಾಗೆ ವರ್ಗಾಯಿಸುವಾಗ ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಅಂತ ಸೆಕ್ಷನ್ 19 ಹೇಳುತ್ತೆ. ಅಂದರೆ ಪಿಎಫ್ ಉಳಿಸೋಕೆ ಹೋಗಿ ಕಂಪನಿ ತನಗೇ ಗೊತ್ತಿಲ್ಲದೆ ಪಾಠದ ಒಡೆತನ ಕಳ್ಕೊಂಡಿರೋ ಸಾಧ್ಯತೆ ಇದೆ. ನಿಮ್ಮ ಒಪ್ಪಂದದಲ್ಲಿ ಏನಿದೆ ಅಂತ ಒಮ್ಮೆ ತೆಗೆದು ನೋಡಿ. (ಬೆಂಗಳೂರಿನ ಎಚ್‌ಆರ್‌ಗಳು ಈ ಲೇಖನ ಓದುವ ಮೊದಲು ನೋಡಿದರೆ ಇನ್ನೂ ಒಳ್ಳೇದು.)

ಮುದ್ರಿತ ವಿಡಿಯೋದ ಕತೆ ಬೇರೆ. ಅದರ ಹಕ್ಕು ನಿರ್ಮಾಪಕನಿಗೆ, ಅಂದರೆ ಇಲ್ಲಿ ಕಂಪನಿಗೆ. ಅಲ್ಲಿಗೆ ಮುಗೀತು ಅಂದುಕೊಳ್ಳೋ ಹಾಗಿಲ್ಲ. ಅದೇ ಕಾಯಿದೆಯಲ್ಲಿ ‘ಪ್ರದರ್ಶಕ’ ಎಂಬ ಪದಕ್ಕೆ ಒಂದು ವ್ಯಾಖ್ಯೆ ಇದೆ. ನಟ, ಗಾಯಕ, ನರ್ತಕ, ಜಾದೂಗಾರ, ಹಾವಾಡಿಗ ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಉಪನ್ಯಾಸ ಕೊಡುವವರೂ ಇದ್ದಾರೆ. ಹಾವಾಡಿಗನ ಪಕ್ಕದಲ್ಲೇ ನಮ್ಮ ಮೇಷ್ಟ್ರಿಗೂ ಕಾನೂನು ಜಾಗ ಕೊಟ್ಟಿದೆ. 2012ರ ತಿದ್ದುಪಡಿಯ ನಂತರ, ಪ್ರದರ್ಶನವನ್ನು ಚಿತ್ರದಲ್ಲಿ ಸೇರಿಸಲು ಬರಹದಲ್ಲಿ ಒಪ್ಪಿದ್ದರೂ, ಅದರ ವಾಣಿಜ್ಯ ಬಳಕೆಗೆ ಪ್ರದರ್ಶಕರು ರಾಯಲ್ಟಿಗೆ ಅರ್ಹರು. ತನ್ನನ್ನು ಪ್ರದರ್ಶಕ ಅಂತ ಗುರುತಿಸಬೇಕು ಅಂತ ಕೇಳುವ ಹಕ್ಕೂ ಇದೆ. ಈ ಹಕ್ಕುಗಳ ಆಯುಷ್ಯ 50 ವರ್ಷ. ಗಾಯಕರು ಈ ತಿದ್ದುಪಡಿ ಹಿಡಿದು 2013ರಲ್ಲೇ ತಮ್ಮ ಸಂಘ ಕಟ್ಟಿ ರಾಯಲ್ಟಿ ಕೇಳೋಕೆ ಶುರು ಮಾಡಿದರು. ಆನ್‌ಲೈನ್‌ನಲ್ಲಿ ಪಾಠ ಹೇಳುವವರು ಮಾತ್ರ ಒಬ್ಬೊಬ್ಬರೇ ಲಿಂಕ್ಡ್‌ಇನ್‌ನಲ್ಲಿ ರಾಕೆಟ್ ಹಾರಿಸ್ತಾ ಇದ್ದಾರೆ.

ಯಾಕೆ ಒಟ್ಟಾಗಲ್ಲ? ಒಂದು ಕಾರಣ ಈ ವ್ಯವಹಾರದ ಒಳಗೇ ಇದೆ. ಕಂಪನಿ ಬಿಟ್ಟವರಲ್ಲಿ ಬಹಳಷ್ಟು ಮಂದಿ ಸ್ವಲ್ಪ ದಿನ ಕಳೆದ ಮೇಲೆ ಮಾಡೋದೇನು? ತಮ್ಮದೇ ಕೋರ್ಸ್ ಮಾರ್ತಾರೆ. ಒಂದು ಬೇಕರಿಗೋ ಒಂದು ದಂತ ಚಿಕಿತ್ಸಾಲಯಕ್ಕೋ ಜಾಹೀರಾತು ನಡೆಸಿಕೊಟ್ಟು ಬಿಲ್ ವಸೂಲಿ ಮಾಡೋದಕ್ಕಿಂತ, ‘ಮಾರ್ಕೆಟಿಂಗ್ ಕಲಿತು ಮನೆಯಿಂದಲೇ ದುಡಿಯಿರಿ’ ಅಂತ ಮಾರೋದು ಸುಲಭ. ಕಸುಬಿಗಿಂತ ಕಸುಬಿನ ಕನಸಿಗೆ ಗಿರಾಕಿ ಜಾಸ್ತಿ. ನಿನ್ನೆ ಕಾರ್ಮಿಕನಾಗಿದ್ದವನು ಇವತ್ತು ಪುಟ್ಟ ಮಾಲೀಕ, ಅವನ ಕೈಕೆಳಗೂ ಮೂವರು ‘ಕನ್ಸಲ್ಟಂಟ್’ಗಳು.

ಈ ದಾರಿ ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನೋದಕ್ಕೆ ಅಮೆರಿಕದ ‘ಮೋಬ್’ ಪ್ರಕರಣ ನೋಡಬೇಕು. ‘ಮೈ ಆನ್‌ಲೈನ್ ಬಿಸಿನೆಸ್ ಎಜುಕೇಷನ್’ ಅನ್ನೋದರ ಚಿಕ್ಕ ಹೆಸರದು. 21 ಹೆಜ್ಜೆಗಳಲ್ಲಿ ಆನ್‌ಲೈನ್ ವ್ಯವಹಾರ ಕಲಿಸ್ತೀವಿ ಅಂತ 49 ಡಾಲರಿಗೆ ಶುರುಮಾಡಿಸಿ, ಮುಂದೆ ಸಾವಿರಾರು ಡಾಲರುಗಳ ಸದಸ್ಯತ್ವಗಳತ್ತ ಒಯ್ಯುತ್ತಿದ್ದರು. ಕಲಿತವರು ದುಡಿಯೋದು ಹೇಗೆ? ಮುಖ್ಯವಾಗಿ ಅದೇ ಸದಸ್ಯತ್ವಗಳನ್ನು ಬೇರೆಯವರಿಗೆ ಮಾರಿ ಕಮಿಷನ್ ಪಡೆದು. 2018ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕೋರ್ಟಿಗೆ ಹೋಗಿ ಇದನ್ನು ಮುಚ್ಚಿಸಿತು. ಜನ ಕಳೆದುಕೊಂಡದ್ದು 12.5 ಕೋಟಿ ಡಾಲರಿಗೂ ಹೆಚ್ಚು ಅಂತ ಆರೋಪಿಸಿತು. ಕೋರ್ಸ್ ಕೊಂಡು ಅದೇ ಕೋರ್ಸ್ ಮಾರುವ ಮಾದರಿ ನಮ್ಮ ಇನ್‌ಸ್ಟಾಗ್ರಾಮ್‌ನಲ್ಲಿ ಈಗಲೂ ಕಾಣುತ್ತೆ. ಹೆಸರು ಹೇಳೋ ಅಗತ್ಯ ಇಲ್ಲ, ನಿಮ್ಮ ಕ್ಲಾಸ್‌ಮೇಟ್ ಒಬ್ಬರು ಖಂಡಿತ ಮೆಸೇಜ್ ಮಾಡಿರ್ತಾರೆ.

ಹಾಗಾದರೆ ಕೋರ್ಸ್ ಮಾರದೆ, ನಿಜವಾಗಿ ಕಸುಬು ಮಾಡಿ ಬದುಕ್ತೀನಿ ಅನ್ನುವವರಿಗೆ ಏನಿದೆ? ಇರೋದು ಕಡಿಮೆ, ಅದೂ ಬಹಳ ಜನಕ್ಕೆ ಗೊತ್ತಿಲ್ಲ. ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಕೊಟ್ಟು ಉಚಿತವಾಗಿ ಕಿರು ಉದ್ಯಮವಾಗಿ ನೋಂದಾಯಿಸಿಕೊಂಡರೆ, ಗಿರಾಕಿ ಕಂಪನಿ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಅಲ್ಲಿಗೆ ಪಟ್ಟಿ ಹೆಚ್ಚುಕಡಿಮೆ ಖಾಲಿ. ಕಾಯಿಲೆ ಬಿದ್ದರೆ ರಜೆ ಇಲ್ಲ, ಹೆರಿಗೆ ಭತ್ಯೆ ಇಲ್ಲ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗೆ ಕಾಯಿದೆ ತಂದಿದ್ದು ಒಳ್ಳೆಯ ಹೆಜ್ಜೆ, ಆದರೆ ಅದು ಕಲ್ಯಾಣ ನಿಧಿಗೆ ಹಣ ಕೇಳೋದು ಪ್ಲಾಟ್‌ಫಾರ್ಮ್‌ಗಳಿಂದ. ನೇರವಾಗಿ ಗಿರಾಕಿ ಹುಡುಕಿಕೊಂಡ ಫ್ರೀಲ್ಯಾನ್ಸರ್ ಅದರ ಆಚೆ ಉಳಿಯುತ್ತಾರೆ.

ಸರ್ಕಾರ ಹೊಸ ಕಾನೂನು ಬರೆಯೋವರೆಗೂ ಕಾಯಬೇಕಿಲ್ಲದ ಒಂದು ಮಾದರಿ ಕಣ್ಣೆದುರೇ ಇದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ತಂತು. ಉದ್ಯೋಗ ಗ್ಯಾರಂಟಿ, ನೂರಕ್ಕೆ ನೂರು ಆಯ್ಕೆ ಅಂತೆಲ್ಲ ಸುಳ್ಳು ಹೇಳುವಂತಿಲ್ಲ. ಅದರಲ್ಲಿ ಇನ್ನೊಂದು ಅಂಶ ನನಗೆ ಬಹಳ ಹಿಡಿಸಿತು. ವಿದ್ಯಾರ್ಥಿಯ ಹೆಸರು, ಫೋಟೋ ಬಳಸಬೇಕಾದರೆ ಲಿಖಿತ ಒಪ್ಪಿಗೆ ಬೇಕು, ಅದನ್ನೂ ಪಡೆಯಬೇಕಾದ್ದು ಆಯ್ಕೆಯಾದ ಮೇಲೆ. ಸೇರುವಾಗಲೇ ಅರ್ಜಿಯ ಮೂಲೆಯಲ್ಲಿ ಸಹಿ ಹಾಕಿಸಿಕೊಂಡರೆ ಸಾಲದು. ಸೇರುವ ದಿನ ಕೈ ಯಾರದ್ದು ಮೇಲಿರುತ್ತೆ ಅನ್ನೋದು ಈ ನಿಯಮ ಬರೆದವರಿಗೆ ಗೊತ್ತಿತ್ತು.

ಅದೇ ತರ್ಕ ಕಲಿಸುವವರಿಗೂ ಅನ್ವಯ ಆಗಬೇಕು. ಕೆಲಸಕ್ಕೆ ಸೇರುವ ದಿನ ಇಪ್ಪತ್ಮೂರರ ಹುಡುಗ ಹಾಕಿದ ಸಹಿ, ಅವನು ಬಿಟ್ಟು ಹೋದ ಮೇಲೂ ಅವನ ಮುಖ ಮಾರೋಕೆ ಪರವಾನಗಿ ಆಗಬಾರದು. ಬಿಟ್ಟ ದಿನ ಮತ್ತೆ ಕೇಳಲಿ. ಒಪ್ಪಿದರೆ ಪ್ರತಿ ಮಾರಾಟಕ್ಕೆ ಪಾಲು ಕೊಡಲಿ, ಒಪ್ಪದಿದ್ದರೆ ಆರು ತಿಂಗಳ ಒಳಗೆ ವಿಡಿಯೋ ತೆಗೆದು ಹೊಸಬರಿಂದ ಮುದ್ರಿಸಿಕೊಳ್ಳಲಿ. ಐಟಿ ಉದ್ಯೋಗಿಗಳ ಸಂಘ ಕೀಟು ಬೆಂಗಳೂರಿನಲ್ಲಿ 2017ರಿಂದ ಇದೆ. 2024ರಲ್ಲಿ 14 ಗಂಟೆ ದುಡಿಮೆಯ ಪ್ರಸ್ತಾಪ ಬಂದಾಗ ಬೀದಿಗಿಳಿದದ್ದು ಅದೇ. ಕ್ಯಾಮೆರಾ ಮುಂದೆ ಪಾಠ ಮಾಡಿ ಹೊರಬಂದವರು ಈ ಬೇಡಿಕೆಯನ್ನು ಮೊದಲು ಅಲ್ಲಿಗೆ ಒಯ್ಯಬಹುದು. ನನ್ನ ಗೆಳತಿ ತನ್ನ ಹಳೇ ಒಪ್ಪಂದವನ್ನು ಸ್ಕ್ಯಾನ್ ಮಾಡಿ ಕಳಿಸಿದ್ದಾಳೆ. ಅದರಲ್ಲಿ ರಾಯಲ್ಟಿ ಅನ್ನೋ ಪದ ಒಂದೇ ಒಂದು ಕಡೆಯೂ ಇಲ್ಲ.