ಬ್ಯಾಟರಿ ಹೋಗಿದೆ ಎಂದರೆ, ಎಷ್ಟು ವೋಲ್ಟ್ ಎಂದು ಕೇಳಿ

ಹಳ್ಳಿಯ ಹಾಲಿನ ಡೇರಿಯಲ್ಲಿ ‘ನಿಮ್ಮ ಹಾಲು ಯಾಕೋ ತೆಳ್ಳಗಿದೆ’ ಎಂದು ಬಾಯಿಮಾತಿನಲ್ಲಿ ಹೇಳಿ ದುಡ್ಡು ಕಡಿಮೆ ಕೊಟ್ಟರೆ ಯಾವ ರೈತನೂ ಸುಮ್ಮನೆ ಮನೆಗೆ ಹೋಗುವುದಿಲ್ಲ. ಡಿಗ್ರಿ ಎಷ್ಟು, ಫ್ಯಾಟ್ ಎಷ್ಟು ಎಂದು ಕೇಳುತ್ತಾನೆ. ಪೆಟ್ರೋಲ್ ಬಂಕಿನಲ್ಲಿ ಮೀಟರ್ ಸೊನ್ನೆಗೆ ಬಂತೇ ಎಂದು ನೋಡದೆ ಟ್ಯಾಂಕಿನ ಮುಚ್ಚಳ ತೆಗೆಯುವವರೂ ಕಡಿಮೆ. ಆದರೆ ಅದೇ ಜನ ಬೆಳಿಗ್ಗೆ ಕಾರಿನ ಸೆಲ್ಫ್ ‘ಟಿಕ್ ಟಿಕ್’ ಎಂದು ನಿಂತುಹೋದಾಗ, ‘ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿಬಿಡೋಣ’ ಎಂಬ ಒಂದು ವಾಕ್ಯಕ್ಕೆ ಸಾವಿರಾರು ರೂಪಾಯಿ ಎಣಿಸಿ ಕೊಡುತ್ತಾರೆ. ಆ ವಾಕ್ಯ ನಿಜವೇ ಇರಬಹುದು. ಆದರೆ ಅದಕ್ಕೆ ಅಂಕಿಯ ಆಧಾರ ಕೇಳುವ ರೂಢಿ ನಮ್ಮಲ್ಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಕೈ ಮೀಟರ್ ಆ ಅಂಕಿಯನ್ನು ಕೊಡುತ್ತದೆ. ಗಾಡಿ ಇಟ್ಟುಕೊಂಡ ಪ್ರತಿ ಮನೆಯಲ್ಲೂ ಸ್ಟೆಪ್ನಿ, ಜಾಕ್‌ಗಳ ಜತೆ ಅದೂ ಇರಬೇಕು ಎಂಬುದು ನನ್ನ ವಾದ.

ಸೆಲ್ಫ್ ಎಳೆಯದಿರುವುದು ಒಂದು ಲಕ್ಷಣ ಮಾತ್ರ, ಕಾರಣಗಳು ಹಲವು. ಬ್ಯಾಟರಿ ನಿಜವಾಗಿ ಸತ್ತಿರಬಹುದು. ಒಳಗಿನ ದೀಪ ರಾತ್ರಿಯಿಡೀ ಉರಿದು ಬರಿದಾಗಿರಬಹುದು. ಆಲ್ಟರ್ನೇಟರ್, ಅಂದರೆ ಗ್ಯಾರೇಜಿನವರ ಬಾಯಲ್ಲಿ ಡೈನಮೋ, ಚಾರ್ಜ್ ಮಾಡದೇ ಇರಬಹುದು. ಟರ್ಮಿನಲ್ ಮೇಲೆ ಬಿಳಿ-ಹಸಿರು ಬೂಷ್ಟು ಕಟ್ಟಿ ಕರೆಂಟ್ ದಾಟದೇ ಇರಬಹುದು. ಹೊರಗೆ ಕೇಳುವ ಸದ್ದು ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ. ಹೊಸ ಬ್ಯಾಟರಿ ಬೇಕಾಗುವುದು ಮೊದಲನೆಯದಕ್ಕೆ ಮಾತ್ರ. ಡೈನಮೋ ಕೆಟ್ಟಿದ್ದರೆ ಹೊಸ ಬ್ಯಾಟರಿಯೂ ಹೆಚ್ಚು ದಿನ ಬಾಳದೆ ಅದೇ ಗತಿ ಕಾಣುತ್ತದೆ, ಆಗ ‘ಈ ಕಂಪನಿಯ ಮಾಲೇ ಸರಿಯಿಲ್ಲ’ ಎಂಬ ಇನ್ನೊಂದು ವಾಕ್ಯ ಹುಟ್ಟಿಕೊಳ್ಳುತ್ತದೆ.

ಮೀಟರ್ ಇವನ್ನು ಬೇರ್ಪಡಿಸುವ ಬಗೆ ಸರಳ. 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯಲ್ಲಿ ಆರು ಸೆಲ್‌ಗಳಿರುತ್ತವೆ, ತುಂಬಿದಾಗ ಒಂದೊಂದೂ ಸುಮಾರು 2.1 ವೋಲ್ಟ್. ಹಾಗಾಗಿ ಗಾಡಿ ರಾತ್ರಿಯೆಲ್ಲ ನಿಂತು, ಬೆಳಿಗ್ಗೆ ಚಾಲೂ ಮಾಡುವ ಮೊದಲು ಅಳೆದರೆ 12.6ರ ಆಸುಪಾಸು ಕಾಣಬೇಕು. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. ಇಲ್ಲೇ ಬಹಳ ಮಂದಿ ಮೋಸಹೋಗುವುದು: 12 ವೋಲ್ಟಿನ ಬ್ಯಾಟರಿ 12 ತೋರಿಸಿದರೆ ಸರಿಯಿದೆ ಎಂದುಕೊಳ್ಳುತ್ತಾರೆ, ಆದರೆ ಆಗ ಉಳಿದಿರುವುದು ಕಾಲು ಭಾಗ ಮಾತ್ರ. ಎಷ್ಟು ಚಾರ್ಜ್ ಮಾಡಿದರೂ 10.5ರ ಬಳಿಯೇ ನಿಂತರೆ ಆರರಲ್ಲಿ ಒಂದು ಸೆಲ್ ಸತ್ತಿದೆ ಎಂದು ಲೆಕ್ಕ ತಾನೇ ಹೇಳುತ್ತದೆ. ಇನ್ನು ಎಂಜಿನ್ ಓಡುತ್ತಿರುವಾಗ ಮೀಟರ್ ಸುಮಾರು 13.8ರಿಂದ 14.5ರ ಒಳಗೆ ಇರಬೇಕು, 12.3ರಲ್ಲೇ ಕೂತಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಚಾರ್ಜಿಂಗಿನದ್ದು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. ಬೂಷ್ಟಿನ ಪರೀಕ್ಷೆಯಂತೂ ಚೆಂದ. ಮೀಟರಿನ ಒಂದು ಕಡ್ಡಿ ಸೀಸದ ಟರ್ಮಿನಲ್ ಮೇಲೆ, ಇನ್ನೊಂದು ಅದನ್ನೇ ಅಪ್ಪಿ ಹಿಡಿದ ಕ್ಲಾಂಪಿನ ಮೇಲೆ ಇಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ನೋಡಿ. ಎರಡರ ನಡುವೆ ಕೂದಲೆಳೆಯಷ್ಟೇ ಜಾಗ, ಅಂಕಿ ಸೊನ್ನೆಯ ಹತ್ತಿರ ಇರಬೇಕು. ಅಲ್ಲಿ ಎರಡು ಮೂರು ವೋಲ್ಟ್ ಕಂಡರೆ ಅಷ್ಟನ್ನೂ ಆ ಬೂಷ್ಟೇ ನುಂಗುತ್ತಿದೆ ಎಂದರ್ಥ. ಬೇಕಾದದ್ದು ಹೊಸ ಬ್ಯಾಟರಿಯಲ್ಲ, ಉಪ್ಪುಕಾಗದ.

‘ಕರೆಂಟಿನ ಕೆಲಸ, ಗೊತ್ತಿಲ್ಲದವರು ಕೈ ಹಾಕಬಾರದು’ ಎಂಬ ಆಕ್ಷೇಪ ಮೊದಲು ಬರುತ್ತದೆ. ಭಯ ಸುಳ್ಳಲ್ಲ, ಆದರೆ ತಪ್ಪು ಜಾಗದಲ್ಲಿದೆ. ಒಣಗಿದ ಕೈಗೆ 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ. ಅಪಾಯ ಮೂರು ಕಡೆಯಿಂದ ಬರುತ್ತದೆ: ಚಾರ್ಜ್ ಆಗುವಾಗ ಹೊಮ್ಮುವ ಹೈಡ್ರೋಜನ್, ಒಳಗಿನ ಗಂಧಕಾಮ್ಲ, ಮತ್ತು ಪ್ಲಸ್ಸಿಗೂ ಮೈನಸ್ಸಿಗೂ ಲೋಹ ಅಡ್ಡ ಬಿದ್ದರೆ ನುಗ್ಗುವ ನೂರಾರು ಆಂಪಿಯರ್. ಗಾಳಿಯಲ್ಲಿ ಶೇ 4ರಷ್ಟು ಹೈಡ್ರೋಜನ್ ಸೇರಿದರೂ ಒಂದು ಕಿಡಿ ಸಾಕು. ಹೀಗಿರುವಾಗ ನಮ್ಮ ಬೀದಿಗಳಲ್ಲಿ ನಡೆಯುವ ಪರೀಕ್ಷೆ ಯಾವುದು? ಎರಡು ಟರ್ಮಿನಲ್‌ಗೂ ತಂತಿ ತಾಗಿಸಿ ಉಜ್ಜಿ, ಕಿಡಿ ಎಷ್ಟು ದೊಡ್ಡದಾಗಿ ಹಾರಿತು ಎಂದು ನೋಡುವುದು! ಒಂದು ಸೆಲ್ ಸತ್ತ ಬ್ಯಾಟರಿಯೂ ಭರ್ಜರಿ ಕಿಡಿ ಹಾರಿಸಬಲ್ಲದು, ಆದ್ದರಿಂದ ಆ ಪರೀಕ್ಷೆ ಅಪಾಯಕಾರಿಯಷ್ಟೇ ಅಲ್ಲ, ನಿರುಪಯೋಗಿ ಕೂಡ. ಸಾಮಾನ್ಯ ಡಿಜಿಟಲ್ ಮೀಟರಿನ ಒಳಗಿನ ತಡೆ ಸುಮಾರು ಒಂದು ಕೋಟಿ ಓಮ್. ವೋಲ್ಟ್ ಅಳೆಯುವಾಗ ಅದರ ಮೂಲಕ ಹರಿಯುವುದು ಒಂದು ಆಂಪಿಯರಿನ ಹತ್ತು ಲಕ್ಷದ ಒಂದು ಪಾಲಿನಷ್ಟು ಮಾತ್ರ. ಕಿಡಿಯ ಮಾತೇ ಇಲ್ಲ. ಸ್ಪ್ಯಾನರ್ ಬೇಡ, ಕ್ಲಾಂಪ್ ಬಿಚ್ಚುವುದೂ ಬೇಡ.

ಎಚ್ಚರ ಬೇಕಾದ ಒಂದು ಜಾಗವಿದೆ, ಅದನ್ನು ಮುಚ್ಚಿಡಬಾರದು. ಕಪ್ಪು ತಂತಿ ‘ಕಾಮ್’ ಎಂದಿರುವ ತೂತಿಗೆ, ಕೆಂಪು ತಂತಿ ವೋಲ್ಟ್-ಓಮ್ ಗುರುತಿನ ತೂತಿಗೆ. ಪಕ್ಕದಲ್ಲೇ ‘10 ಎ’ ಎಂಬ ಇನ್ನೊಂದು ತೂತು ಇರುತ್ತದೆ. ಅಪ್ಪಿತಪ್ಪಿ ಕೆಂಪು ತಂತಿ ಅದರಲ್ಲಿದ್ದು ಕಡ್ಡಿಗಳನ್ನು ಬ್ಯಾಟರಿಗೆ ಮುಟ್ಟಿಸಿದರೆ ಮೀಟರೇ ಅಡ್ಡಬಿದ್ದ ತಂತಿಯಾಗುತ್ತದೆ, ಕೈ ಸುಡುತ್ತದೆ. ಗುಂಡಿಯನ್ನು ನೆಟ್ಟಗಿನ ಗೆರೆಯ ಕೆಳಗೆ ತುಂಡುಗೆರೆ ಇರುವ ಡಿ.ಸಿ. ಗುರುತಿನ 20ಕ್ಕೆ ತಿರುಗಿಸಿ, ತೂತನ್ನು ಎರಡು ಸಲ ನೋಡಿ, ಆಮೇಲೆ ಮುಟ್ಟಿಸಿ. ಕಡ್ಡಿ ಅದಲುಬದಲಾದರೆ ಅಂಕಿಯ ಮುಂದೆ ಮೈನಸ್ ಬರುತ್ತದೆ, ಅಷ್ಟೇ. ಉಂಗುರ, ಬಳೆ, ಬಾಗಿದಾಗ ಜೋತುಬೀಳುವ ಕತ್ತಿನ ಸರ ಮೊದಲೇ ತೆಗೆದಿಡಬೇಕು. ಕಣ್ಣಿಗೆ ಕನ್ನಡಕ ಇರಲಿ, ಬೀಡಿ ಸಿಗರೇಟು ದೂರ ಇರಲಿ. ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ, ಒಡೆದಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೀಟರನ್ನೂ ಹತ್ತಿರ ತರಬಾರದು.

ಎರಡನೆಯ ಆಕ್ಷೇಪ ಬಲ್ಲವರದು, ತೂಕದ್ದು: ನಿಂತ ಬ್ಯಾಟರಿಯ ವೋಲ್ಟ್ ಅದರ ಆರೋಗ್ಯ ಹೇಳುವುದಿಲ್ಲ. 12.6 ತೋರಿಸುವ ಮುದಿ ಬ್ಯಾಟರಿ ಸೆಲ್ಫ್ ಹೊಡೆದ ಕೂಡಲೇ ಕುಸಿಯಬಹುದು. ಒಪ್ಪೋಣ. ಅದಕ್ಕೇ ಕುಸಿತವನ್ನೂ ಅಳೆಯಬೇಕು: ಸೆಲ್ಫ್ ತಿರುಗುವಾಗ ಅಂಕಿ 9.6ಕ್ಕಿಂತ ಕೆಳಗಿಳಿಯಬಾರದು. ತುಂಬಿದ ಬ್ಯಾಟರಿಯೂ ಅಲ್ಲಿಂದ ಜಾರಿದರೆ ಸಂಶಯ ಪಡಲು ಕಾರಣವಿದೆ. ಸೆಲ್ಫ್ ಮೋಟರೇ ಜಾಮ್ ಆಗಿ ಎಳೆಯುತ್ತಿದೆಯೇ ಎಂಬುದನ್ನು ಮಾತ್ರ ಮೀಟರ್ ಹೇಳಲಾರದು. ಕೊನೆಯ ತೀರ್ಮಾನಕ್ಕೆ ಅಂಗಡಿಯ ಲೋಡ್ ಟೆಸ್ಟರ್ ಬೇಕು. ಆದರೆ ಲೋಡ್ ಟೆಸ್ಟ್ ಮಾಡಿಸಬೇಕೆಂದು ಕೇಳುವ ಗಿರಾಕಿ ಎಲ್ಲಿಂದ ಬರುತ್ತಾನೆ? ಮನೆಯಲ್ಲಿ ಅಂಕಿ ಬರೆದುಕೊಂಡು ಹೋದವನೇ ಅದನ್ನು ಕೇಳುವುದು. ಇದರಿಂದ ಮೆಕ್ಯಾನಿಕ್‌ಗೆ ಅವಮಾನ ಎನ್ನುವವರೂ ಇದ್ದಾರೆ. ಕಿವಿಯಲ್ಲೇ ಎಂಜಿನ್ ಓದುವ ಒಳ್ಳೆಯ ಮೆಕ್ಯಾನಿಕ್‌ಗೆ ಅಂಕಿ ಸಾಕ್ಷಿಯಾಗಿ ನಿಲ್ಲುತ್ತದೆ, ಕಷ್ಟವಾಗುವುದು ಅಂದಾಜಿನಲ್ಲಿ ಮಾರುವವನಿಗೆ.

ಎಲ್ಲೆಯನ್ನೂ ಹೇಳಬೇಕು. ಈ ಮಾತೆಲ್ಲ 12 ವೋಲ್ಟಿನ ಸೀಸದ ಬ್ಯಾಟರಿಗೆ. ಎಲೆಕ್ಟ್ರಿಕ್ ಕಾರಿನ ಮುಖ್ಯ ಪ್ಯಾಕಿನಲ್ಲಿ ನೂರಾರು ವೋಲ್ಟ್ ಇರುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಈ ಅಗ್ಗದ ಮೀಟರ್ ಜೇಬಿನಲ್ಲೇ ಇರಲಿ. ಎಲೆಕ್ಟ್ರಿಕ್ ಸ್ಕೂಟರಿನ ಪ್ಯಾಕ್ ಬಿಚ್ಚುವ ಸಾಹಸವೂ ಬೇಡ. ಉಳಿದ ಕಾರು, ಬೈಕು, ಟ್ರ್ಯಾಕ್ಟರುಗಳ ಮಟ್ಟಿಗೆ ಬ್ಯಾಟರಿ ಅಂಗಡಿಗಳು ಒಂದು ಸಣ್ಣ ಪದ್ಧತಿ ಶುರುಮಾಡಬಹುದು. ಹೊಸದು ಕೂರಿಸುವ ಮುನ್ನ ಹಳೆಯದರ ನಿಂತ ವೋಲ್ಟ್, ಸೆಲ್ಫ್ ಹೊಡೆದಾಗಿನ ವೋಲ್ಟ್, ಕೂರಿಸಿದ ಮೇಲೆ ಎಂಜಿನ್ ಓಡುವಾಗಿನ ವೋಲ್ಟ್ — ಈ ಮೂರನ್ನು ಬಿಲ್ಲಿನ ಮೇಲೆ ಪೆನ್ನಲ್ಲಿ ಬರೆದು ಕೊಡಲಿ. ಮೀಟರ್ ಹೇಗೂ ಅವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಬಿದ್ದಿರುತ್ತದೆ.