ಆಲೆಮನೆಗೆ ಪಾಲುಗಾರರನ್ನು ಸೇರಿಸಿಕೊಳ್ಳುವ ವಿಚಾರ

ಮಂಡ್ಯದ ಸೀಮೆಯಲ್ಲಿ ಕಬ್ಬನ್ನು ಬೆಳೆಯುವ ಭೂಮಾಲೀಕರು ತಮ್ಮದೇ ಆದ ಆಲೆಮನೆಯನ್ನು ಹೂಡಬೇಕೆಂದು ಬಯಸುವುದುಂಟು. ಗಾಣ, ಕೊಪ್ಪರಿಗೆ, ಒಲೆ, ಆಳುಗಳ ಮುಂಗಡ ಇವೆಲ್ಲಕ್ಕೂ ಒಮ್ಮೆಗೇ ಹಣ ಬೇಕಾಗುವುದರಿಂದ, ನೆರೆಯವರನ್ನಾಗಲಿ ನಂಟರನ್ನಾಗಲಿ ಪಾಲಿಗೆ ಸೇರಿಸಿಕೊಳ್ಳುವ ಯೋಚನೆಯು ಸಹಜವಾಗಿ ಹುಟ್ಟುತ್ತದೆ. ಈ ಯೋಚನೆಯು ತಪ್ಪೆಂದು ಹೇಳಲಾಗದು. ಆದರೆ ಎತ್ತನ್ನು ಕೊಳ್ಳುವಾಗ ಹಲ್ಲು, ಸುಳಿ, ನಡೆಗಳನ್ನು ನೋಡುವ ರೈತನು ಪಾಲುಗಾರನ ವಿಷಯದಲ್ಲಿ ಬರಿಯ ಸ್ನೇಹವನ್ನು ನೆಚ್ಚಿ ಒಪ್ಪಿಕೊಳ್ಳುವುದು ಉಚಿತವಲ್ಲ.

ಮುಯ್ಯಾಳಿನ ಪದ್ಧತಿಯನ್ನು ಹಳ್ಳಿಗರೆಲ್ಲರೂ ಬಲ್ಲರು. ಒಬ್ಬನ ನಾಟಿಗೆ ಹೋದವನು ತನ್ನ ನಾಟಿಗೆ ಅವನನ್ನು ಕರೆದುಕೊಂಡರೆ ಅಲ್ಲಿಗೆ ಲೆಕ್ಕವು ತೀರಿತು. ಪಾಲುಗಾರಿಕೆಯಲ್ಲಿ ಲೆಕ್ಕವು ಅಷ್ಟು ಸುಲಭವಾಗಿ ತೀರದು. 1932ನೆಯ ಇಸವಿಯ ಪಾಲುಗಾರಿಕೆಯ ಕಾನೂನಿನ ಪ್ರಕಾರ, ಉದ್ಯಮದ ವಾಡಿಕೆಯ ವ್ಯವಹಾರದಲ್ಲಿ ಒಬ್ಬನು ಮಾಡಿದ ಸಾಲಕ್ಕೆ ಪಾಲುಗಾರರೆಲ್ಲರೂ ಒಟ್ಟಾಗಿಯೂ ಬೇರೆ ಬೇರೆಯಾಗಿಯೂ ಹೊಣೆಗಾರರಾಗುತ್ತಾರೆ. ಉದ್ಯಮದ ಸ್ವತ್ತು ಸಾಲದೆ ಹೋದರೆ, ಸಾಲ ಕೊಟ್ಟವನ ಕೈಯು ಪಾಲುಗಾರನ ಸ್ವಂತ ಜಮೀನಿನವರೆಗೂ ನೀಳಬಹುದು. ತನ್ನದು ನಾಲ್ಕಾಣೆಯ ಪಾಲು ಮಾತ್ರವೆಂಬ ಮಾತು ಅವನ ಮುಂದೆ ನಡೆಯದು.

ಆದುದರಿಂದ ಯಾರನ್ನು ಸೇರಿಸಿಕೊಳ್ಳಬೇಕೆಂಬುದಕ್ಕೆ ಮುಂಚೆ, ಉದ್ಯಮಕ್ಕೆ ಕೊರತೆಯಾಗಿರುವುದು ಯಾವುದೆಂಬುದನ್ನು ನಿಶ್ಚಯಿಸತಕ್ಕದ್ದು. ಪಾಕವನ್ನು ನೋಡಬಲ್ಲ ಕುಶಲನು ಬೇಕಾಗಿದ್ದರೆ ಕೂಲಿಗೆ ದೊರೆಯುತ್ತಾನೆ. ಹಣ ಮಾತ್ರವೇ ಕೊರತೆಯಾಗಿದ್ದರೆ ಬಡ್ಡಿಗೆ ದೊರೆಯುತ್ತದೆ. 3 ಲಕ್ಷ ರೂಪಾಯಿ ಬೇಕಾಗಿದೆಯೆಂದೂ, ನೂರಕ್ಕೆ 12ರ ಬಡ್ಡಿಯೆಂದೂ ಇಟ್ಟುಕೊಂಡರೆ, ಮೊದಲ ವರ್ಷದ ಬಡ್ಡಿಯು 36,000 ರೂಪಾಯಿ. ಅಸಲು ತೀರಿದಂತೆಲ್ಲ ಅದು ಇಳಿಯುತ್ತದೆ. ಅದೇ ಹಣಕ್ಕಾಗಿ ಅರ್ಧ ಪಾಲನ್ನು ಕೊಟ್ಟು, ವರ್ಷಕ್ಕೆ 2 ಲಕ್ಷ ನಿವ್ವಳ ಲಾಭ ಬಂದರೆ, 1 ಲಕ್ಷವು ಪ್ರತಿವರ್ಷವೂ ಪಾಲುಗಾರನಿಗೆ ಸಲ್ಲುತ್ತದೆ. ಊರವರೇ ಕೂಡಿ ಸಾಲವನ್ನು ಒದಗಿಸಿಕೊಳ್ಳುವ ಮಾರ್ಗವೂ ಈ ನಾಡಿಗೆ ಹೊಸದಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಸಹಕಾರ ಸಂಘವನ್ನು ಸ್ಥಾಪಿಸಿದರು.

ಇದಕ್ಕೆ ಪ್ರತಿಯಾಗಿ ಹೇಳತಕ್ಕ ಮಾತೊಂದುಂಟು. ನಷ್ಟದ ವರ್ಷದಲ್ಲಿ ಬಡ್ಡಿಯು ನಿಲ್ಲದು. ಪಾಲುಗಾರನಾದರೋ ನಷ್ಟವನ್ನೂ ಹೊರುತ್ತಾನೆ. ಬೆಲ್ಲದ ಧಾರಣೆಯು ಎರಡು ವರ್ಷ ಕುಸಿದರೆ ತಡೆದುಕೊಳ್ಳಲಾರದವನು ಸಾಲಕ್ಕಿಂತ ಪಾಲೇ ಮೇಲೆಂದು ಎಣಿಸುವುದು ನ್ಯಾಯವಾಗಿದೆ. ಹಾಗೆಯೇ, ರಾತ್ರಿಯೆಲ್ಲ ಒಲೆಯ ಬಳಿ ನಿಂತು ಮೇಲ್ವಿಚಾರಣೆ ನಡೆಸುವ ಶ್ರದ್ಧೆಯೂ, ಗಾಣವು ಬಿಡುವಿಲ್ಲದೆ ನಡೆಯುವಷ್ಟು ಕಬ್ಬೂ ನೆರೆಯವನಲ್ಲಿದ್ದರೆ, ಅವು ಕೂಲಿಗೂ ಬಡ್ಡಿಗೂ ದೊರೆಯುವ ವಸ್ತುಗಳಲ್ಲ. ಅಂಥವನನ್ನು ಸೇರಿಸಿಕೊಳ್ಳಬಹುದು.

ಸೇರಿಸಿಕೊಂಡ ಮೇಲೆ ಮನಸ್ತಾಪವು ಹುಟ್ಟುವುದು ಗಾಣದ ಸರದಿಯಲ್ಲಿ. ಕಡಿದ ಕಬ್ಬನ್ನು 24 ಗಂಟೆಗಳೊಳಗಾಗಿ ಅರೆಯುವುದು ಉತ್ತಮ. ತಡವಾದಷ್ಟೂ ತೂಕವೂ ಸಕ್ಕರೆಯ ಅಂಶವೂ ಇಳಿದು, ಬೆಲ್ಲವು ಸರಿಯಾಗಿ ಅಚ್ಚು ಕಟ್ಟದು. ಒಂದು ಟನ್ ಕಬ್ಬಿಗೆ ಸುಮಾರು 100 ಕಿಲೋಗ್ರಾಂ ಬೆಲ್ಲ ಬರತಕ್ಕಲ್ಲಿ 90 ಮಾತ್ರ ಬಂದರೆ, 50 ಟನ್ ಕಬ್ಬಿನಲ್ಲಿ 500 ಕಿಲೋಗ್ರಾಂ ನಷ್ಟವಾಯಿತು. ಮೊದಲು ಯಾರ ಕಬ್ಬು ಗಾಣಕ್ಕೆ ಹೋಗಬೇಕೆಂಬುದು ಆದಕಾರಣ ಹಣದ ಪ್ರಶ್ನೆಯೇ ಆಗಿರುತ್ತದೆ. ಅದನ್ನು ಕಬ್ಬು ಕಡಿಯುವ ಮುಂಚೆಯೇ ಪತ್ರದಲ್ಲಿ ಬರೆದಿಡಬೇಕು.

ಪತ್ರದಲ್ಲಿ ಬರೆಯದೆ ಬಿಟ್ಟುದನ್ನು ಕಾನೂನು ತನ್ನ ರೀತಿಯಲ್ಲಿ ತುಂಬುತ್ತದೆ. ಬೇರೆ ಕರಾರು ಇಲ್ಲದಿದ್ದರೆ, ಹೆಚ್ಚು ಬಂಡವಾಳ ಹಾಕಿದವನಿಗೂ ಕಡಿಮೆ ಹಾಕಿದವನಿಗೂ ಲಾಭವು ಸಮಪಾಲು. ಮೈಮುರಿದು ದುಡಿದವನಿಗೆ ಪ್ರತ್ಯೇಕ ಸಂಬಳವಿಲ್ಲ. ಒಬ್ಬನು ಮೃತನಾದರೆ ಪಾಲುಗಾರಿಕೆಯೇ ಮುರಿಯುತ್ತದೆ. ನೋಂದಣಿಯಾಗದ ಪಾಲುಗಾರಿಕೆಯು, ಬೆಲ್ಲವನ್ನು ಕೊಂಡು ಬಾಕಿಯುಳಿಸಿಕೊಂಡ ವರ್ತಕನ ಮೇಲೆ ದಾವೆ ಹೂಡಲು ಸಾಮಾನ್ಯವಾಗಿ ಆಗುವುದಿಲ್ಲ. ಹತ್ತು ಮಂದಿ ಬೆಳೆಗಾರರು ಒಪ್ಪುವಲ್ಲಿ, 2002ರ ತಿದ್ದುಪಡಿಯಿಂದ ಏರ್ಪಟ್ಟ ಉತ್ಪಾದಕರ ಕಂಪನಿಯನ್ನು ಸ್ಥಾಪಿಸಬಹುದು. ಅದರಲ್ಲಿ ಸದಸ್ಯನ ಹೊಣೆಯು ಅವನ ಷೇರಿನ ಮಟ್ಟಿಗೆ ಮಿತವಾಗಿರುವುದರಿಂದ ಜಮೀನಿಗೆ ಭಯವು ಕಡಿಮೆ.

ಗ್ರಾಮದ ಮುಖಂಡರ ಬಳಿಗೆ ಇಂಥ ವ್ಯವಹಾರಗಳು ಬರುವುದು ಬಹುಮಟ್ಟಿಗೆ ಮುರಿದುಬಿದ್ದ ಮೇಲೆಯೇ. ಗಾಣವನ್ನು ಹೂಡುವ ಮುಂಚೆಯೇ ಉಭಯರನ್ನೂ ಕೂರಿಸಿಕೊಂಡು, ಬಂಡವಾಳ, ಸರದಿ, ಸಂಬಳ, ಸಾಲ ತರುವ ಅಧಿಕಾರ, ಬಿಟ್ಟುಹೋಗುವ ಕ್ರಮ ಈ ಐದನ್ನೂ ಬರೆಯಿಸಿದರೆ ಊರಿಗೆ ದೊಡ್ಡ ಉಪಕಾರವಾದೀತು. ಪತ್ರವನ್ನು ಕೇಳಿದ ಮಾತ್ರಕ್ಕೆ ಮುನಿಯುವ ಸ್ನೇಹಿತನು ಪಾಲಿಗೆ ತಕ್ಕವನಲ್ಲವೆಂದು ಆಗಲೇ ತಿಳಿಯುತ್ತದೆ. ಒಪ್ಪಿದವನೊಡನೆಯಾದರೂ ಮೊದಲು ಗಾಣವನ್ನು ಬಾಡಿಗೆಗೆ ತಂದು, ಒಂದೇ ಹಂಗಾಮಿನ ಕರಾರಿನ ಮೇಲೆ ನಡೆಸಿ ನೋಡುವುದು ಲೇಸು.